ಪಕ್ಕೆಲುಬಿನ ಕೆಳಗಿನ ನೋವಿಗೆಲ್ಲ ಗ್ಯಾಸ್ ಅನ್ನಬೇಡ ತಮ್ಮಾ

ತಮ್ಮಾ, ನಮ್ಮ ಗುಂಪಿನಲ್ಲಿ ನಿನ್ನ ಮೆಸೇಜು ಓದಿ ಸುಮ್ನೆ ಇರಲು ಆಗಲಿಲ್ಲ. ಅಡಿಕೆಗೆ ಬೋರ್ಡೋ ಮದ್ದು ಹೊಡೆದು ಮುಗಿದ ವಾರದಿಂದ ಬಲಪಕ್ಕೆಯ ಕೆಳಗೆ ನೋವು, ಹದಿನೈದು ದಿನದಿಂದ ಗ್ಯಾಸಿನ ಮಾತ್ರೆ ಪ್ಯಾನ್-ಡಿ, ತಡೆಯದಿದ್ದಾಗ ನೋವಿನ ಮಾತ್ರೆ ವೊವೆರಾನ್, ಇನ್ನು ಯಾವ ಮಾತ್ರೆ ಒಳ್ಳೆಯದು ಅಂತ ಕೇಳಿದ್ದೀಯ. ಕೆಳಗೆ ಎಂಟು ಜನ ಎಂಟು ಮಾತ್ರೆ ಬರೆದಿದ್ದಾರೆ. ಕೊಳೆರೋಗ ಬಂದ ತೋಟಕ್ಕೆ ರೋಗ ನೋಡದೆ ಹೀಗೆ ಮದ್ದು ಹೊಡೆಯುತ್ತೀರಾ? 2019ರಲ್ಲಿ ನಾನು ಮಾಡಿದ್ದೂ ಇದೇ ತಪ್ಪು.

ನನ್ನದೂ ದೋಟಿ (ಅಡಿಕೆ ಕೊಯ್ಯುವ ಉದ್ದ ಕೋಲು) ಎತ್ತಿ ಎತ್ತಿ ಪಕ್ಕೆ ಹಿಡಿದಿದೆ ಅಂತಲೇ ಶುರುವಾಯಿತು. ಆಮೇಲೆ ಗ್ಯಾಸ್ ಅಂದುಕೊಂಡೆ. ಇಂಗಿನ ಮಜ್ಜಿಗೆ, ಓಂಕಾಳಿನ ಕಷಾಯ, ಈನೋ, ಎಲ್ಲ ಆಯಿತು. ನೋವು ಬರುತ್ತಿತ್ತು, ಎರಡು ತಾಸು ಹಿಂಡಿ ಹೋಗುತ್ತಿತ್ತು. ಹೋದ ಕೂಡಲೇ ಮಾತ್ರೆ ನಾಟಿತು ಅನ್ನಿಸುತ್ತಿತ್ತು. ಮೋಸ ಹೋಗುವುದು ಇಲ್ಲೇ. ಪಿತ್ತಕೋಶದ (ಗಾಲ್‌ಬ್ಲಾಡರ್) ಕಲ್ಲಿನ ನೋವು ತಾನಾಗಿ ಬಂದು, ಅರ್ಧ ತಾಸಿನಿಂದ ನಾಲ್ಕೈದು ತಾಸು ಇದ್ದು, ತಾನಾಗಿಯೇ ಹೋಗುತ್ತದೆ. ನೀನು ಗ್ಯಾಸಿನ ಮಾತ್ರೆ ನುಂಗಿದರೂ ಅಷ್ಟೇ, ನುಂಗದಿದ್ದರೂ ಅಷ್ಟೇ.

ಕಂಡುಹಿಡಿದದ್ದು ನನ್ನ ಹೆಂಡತಿ. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಸಣ್ಣಕ್ಷರದಲ್ಲಿ ಬರೆದಿಟ್ಟಿದ್ದಳು. ಶ್ರಾದ್ಧದ ಊಟ, ವಡೆ, ಸುಟ್ಟೇವು, ರಾತ್ರಿ 11ಕ್ಕೆ ನೋವು. ಮದುವೆಮನೆ, ಹೋಳಿಗೆ ತುಪ್ಪ, ರಾತ್ರಿ 1ಕ್ಕೆ ನೋವು, ಬಲಭುಜಕ್ಕೂ ಬಂತು. ಎಣ್ಣೆ ತುಪ್ಪ ತಿಂದ ದಿನವೇ ನೋವು, ಗಂಜಿ ಉಂಡ ದಿನ ಏನೂ ಇಲ್ಲ. ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗೋಣ ಅಂದಳು. ಅಡಿಕೆ ಸುಲಿಯಲಿಕ್ಕೆ ಜನ ಬಂದಿದ್ದಾರೆ, ಮುಂದಿನ ವಾರ ಅಂದೆ. ಆ ಮುಂದಿನ ವಾರ ಬರುವ ಮೊದಲೇ ಒಂದು ರಾತ್ರಿ ಚಳಿ ಹಿಡಿದು ನಡುಗಿ ಜ್ವರ ಬಂತು. ಬೆಳಿಗ್ಗೆ ಕಣ್ಣು ಹಳದಿ. ಶಿರಸಿಯಲ್ಲಿ ಡಾಕ್ಟರು ಬಲಪಕ್ಕೆಯ ಅಂಚಿನ ಕೆಳಗೆ ಬೆರಳು ಒತ್ತಿ ಉಸಿರು ಎಳೆಯಿರಿ ಅಂದರು. ಉಸಿರು ಅರ್ಧಕ್ಕೇ ನಿಂತಿತು. ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಬಿದ್ದಿತ್ತು. ಹುಬ್ಬಳ್ಳಿಗೆ ಹೋಗುವಾಗ ಮುಂಡಗೋಡ ದಾಟುವವರೆಗೂ ಪ್ರತಿ ಹೊಂಡಕ್ಕೆ ಹೊಟ್ಟೆ ಹಿಡಿದುಕೊಂಡಿದ್ದೆ. ಮೊದಲು ಬಾಯಿಂದ ನಳಿಗೆ ಇಳಿಸಿ ನಾಳದ ಕಲ್ಲು ತೆಗೆದರು, ಆಮೇಲೆ ಪಿತ್ತಕೋಶ ತೆಗೆದರು. ಮೊದಲೇ ಹೋಗಿದ್ದರೆ ನಾಲ್ಕು ಸಣ್ಣ ತೂತಿನ ಒಂದೇ ಆಪರೇಷನ್ನಿನಲ್ಲಿ ಮುಗಿಯುತ್ತಿತ್ತು.

ಹಾಗಾಗಿ ಇವತ್ತಿನಿಂದಲೇ ಬರೆ. ತಿಂದದ್ದು ಏನು, ನೋವು ಎಷ್ಟು ಹೊತ್ತಿಗೆ ಬಂತು, ಎಷ್ಟು ತಾಸು ಇತ್ತು, ಎಲ್ಲಿಗೆ ಹರಿಯಿತು, ಜ್ವರ ಇತ್ತಾ. ನೆನಪಿನಿಂದ ಹೇಳಲು ಹೋದರೆ ಡಾಕ್ಟರ ಮುಂದೆ ಎಲ್ಲ ಮರೆತುಹೋಗುತ್ತದೆ. ಆದರೆ ಬರೆಯುತ್ತಾ ತಿಂಗಳು ಕಳೆಯಬೇಡ ಮತ್ತೆ. ನಿನ್ನದು ಈಗಾಗಲೇ ಹದಿನೈದು ದಿನ ಆಗಿದೆ, ಈ ವಾರವೇ ತೋರಿಸು.

ನಾನು ಡಾಕ್ಟರ್ ಅಲ್ಲ. ನಿನ್ನದು ಕಲ್ಲೇ ಅಂತಲೂ ಹೇಳುತ್ತಿಲ್ಲ. ಒಂದೇ ಬೆರಳಿನಲ್ಲಿ ತೋರಿಸಬಹುದಾದ ಜಾಗ, ಒತ್ತಿದರೆ, ಮೈ ತಿರುಗಿಸಿದರೆ ನೋವು ಅಂದರೆ ಸ್ನಾಯುವೋ ಪಕ್ಕೆಲುಬಿನ ಮೆದು ಎಲುಬೋ ಇರಬಹುದು. ಅದಕ್ಕೆ ದೋಟಿ ಬಿಟ್ಟು ಬಿಸಿನೀರಿನ ಶಾಖ ಕೊಟ್ಟರೆ ಸಾಮಾನ್ಯವಾಗಿ ಕೆಲವು ವಾರದಲ್ಲಿ ಇಳಿಯುತ್ತದೆ. ಉಸಿರು ಎಳೆದರೆ ಚುಚ್ಚಿ, ಜ್ವರ ಕೆಮ್ಮು ಇದ್ದರೆ ಶ್ವಾಸಕೋಶ ನೋಡಿಸಬೇಕು. ಬೆನ್ನ ಬದಿಯಿಂದ ತೊಡೆಸಂದಿಗೆ ಇಳಿದರೆ ಮೂತ್ರಪಿಂಡದ ಕಲ್ಲಿರಬಹುದು. ಒಂದೇ ಬದಿ ಪಟ್ಟಿ ಕಟ್ಟಿದ ಹಾಗೆ ಉರಿದರೆ ಅಂಗಿ ಬಿಚ್ಚಿ ನೋಡು, ಸರ್ಪಸುತ್ತು ಇರಬಹುದು. ಗುಳ್ಳೆ ಏಳುವ ಎರಡು ಮೂರು ದಿನ ಮೊದಲೇ ಉರಿ ಬರುತ್ತದೆ. ಗುಳ್ಳೆ ಕಂಡ 72 ತಾಸಿನೊಳಗೆ ಡಾಕ್ಟರು ಬರೆದ ವೈರಸ್ ವಿರುದ್ಧದ ಮಾತ್ರೆ ಶುರುಮಾಡಿದರೆ ಒಳ್ಳೆಯದು. ಕೆಮ್ಮಣ್ಣು ಹಚ್ಚುತ್ತಾ ಆ ಮೂರು ದಿನ ಕಳೆಯಬೇಡಿ.

ಎದೆಗುಂಡಿಗೆಯ ಕೆಳಗೆ ಭಾರ, ಬೆವರು, ವಾಕರಿಕೆ, ದಮ್ಮು, ದವಡೆ ಅಥವಾ ತೋಳಿಗೆ ನೋವು ಬಂದರೆ ಗ್ಯಾಸ್ ಅಂತ ಮಲಗಲೇಬೇಡಿ. ಹೃದಯಾಘಾತ ಹೊಟ್ಟೆನೋವಿನ ವೇಷದಲ್ಲೂ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಂಗಸರಲ್ಲಿ ಎದೆನೋವೇ ಕಾಣದೆ ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ, ಹತ್ತಿರದಲ್ಲಿ ಎಲ್ಲಿ ಇಸಿಜಿ ಇದೆಯೋ ಅಲ್ಲಿಗೆ ಹೋಗಿ. ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋಗುವ ಯೋಚನೆ ಆಮೇಲೆ. ಮರದಿಂದ ಬಿದ್ದು ಎಡಪಕ್ಕೆಗೆ ಪೆಟ್ಟಾದವರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗುಲ್ಮ (ಸ್ಪ್ಲೀನ್) ಒಡೆದು ಒಳಗೇ ರಕ್ತ ಸೋರಬಹುದು, ಕೆಲವು ಸಲ ದಿನಗಟ್ಟಲೆ ಬಿಟ್ಟು. ಅಡಿಕೆ ಮರ ಹತ್ತಿ ಕೊನೆ ಇಳಿಸುವ ನಮ್ಮ ಕೊನೆಗೌಡರು ಬಿದ್ದು ಎದ್ದು ಏನೂ ಆಗಲಿಲ್ಲ ಅಂತ ಕೆಲಸಕ್ಕೆ ನಿಲ್ಲುತ್ತಾರೆ, ನಿಲ್ಲಲು ಬಿಡಬೇಡಿ.

ಇನ್ನು ಮಾತ್ರೆ. ವೊವೆರಾನ್, ಕಾಂಬಿಫ್ಲಾಮ್‌ನಂಥ ನೋವಿನ ಮಾತ್ರೆ ಜಾಸ್ತಿ ದಿನ ನುಂಗಿದರೆ ಹೊಟ್ಟೆಯಲ್ಲೇ ಹುಣ್ಣಾಗಬಹುದು. ಆಮೇಲೆ ನೋವು ಯಾವುದರದ್ದು ಅಂತಲೇ ತಿಳಿಯುವುದಿಲ್ಲ. ಮಲ ಟಾರಿನ ಹಾಗೆ ಕಪ್ಪಾದರೆ ಅವತ್ತೇ ಆಸ್ಪತ್ರೆಗೆ ಹೋಗು. ಪ್ಯಾನ್-ಡಿಯಲ್ಲಿ ವಾಂತಿ ತಡೆಯುವ ಡೊಂಪೆರಿಡೋನ್ ಸಹ ಇದೆ, ಕೇಳದೆ ದಿನಾ ನುಂಗುವಂಥದ್ದಲ್ಲ. ಡಾಕ್ಟರು ಅದರಲ್ಲಿರುವ ಆಮ್ಲ ಇಳಿಸುವ ಮದ್ದು ಪ್ಯಾಂಟೊಪ್ರಜೋಲ್ ಒಂದನ್ನೇ ಬರೆದರೆ ಜನೌಷಧಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಊಟಕ್ಕೆ ಅರ್ಧ ತಾಸು ಮೊದಲು ತಗೋ. ಉಂಡ ಮೇಲೆ ತಗೊಂಡು ಮಾತ್ರೆ ನಾಟುವುದಿಲ್ಲ ಅನ್ನುವವರೇ ಜಾಸ್ತಿ. ಬಿಪಿ ಇದ್ದವರು ಈನೋ ದಿನಾ ಕುಡಿಯಬೇಡಿ, ಅದರಲ್ಲಿ ಸೋಡಿಯಂ ಇದೆ.

ಮೇಲೆ ಒಬ್ಬರು ಆಲಿವ್ ಎಣ್ಣೆ, ಲಿಂಬೆರಸ ಕುಡಿದರೆ ಕಲ್ಲು ಬೀಳುತ್ತದೆ ಅಂತ ವಿಡಿಯೋ ಹಾಕಿದ್ದೀರಿ. ದಯವಿಟ್ಟು ತೆಗೆಯಿರಿ. ಅದನ್ನು ಕುಡಿದ ಮೇಲೆ ಮಲದಲ್ಲಿ ಬೀಳುವ, ಕಲ್ಲು ಅಂತ ತೋರಿಸುವ ಹಸಿರು ಉಂಡೆಗಳು ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನ ಹಾಗೆ ಗಟ್ಟಿಯಾದದ್ದು. ಅಷ್ಟು ಎಣ್ಣೆಗೆ ಪಿತ್ತಕೋಶ ಹಿಂಡಿ ನಿಜವಾದ ಕಲ್ಲು ನಾಳಕ್ಕೆ ಜಾರಿದರೆ ನನ್ನ ಗತಿಯೇ. ಕಲ್ಲು ಅಡ್ಡ ಬಂದು ಆದ ಕಾಮಾಲೆ ನೆಲನೆಲ್ಲಿಗೂ ಇಳಿಯುವುದಿಲ್ಲ. ಹಾಗಂತ ಸ್ಕ್ಯಾನಿನಲ್ಲಿ ಕಂಡ ಎಲ್ಲ ಕಲ್ಲಿಗೂ ಆಪರೇಷನ್ ಬೇಡ. ನೋವೇ ಕೊಡದ ಕಲ್ಲನ್ನು ಹೆಚ್ಚಾಗಿ ಹಾಗೇ ಬಿಡುತ್ತಾರೆ.

ಆಪರೇಷನ್ ಆದರೆ ಒಂದೂವರೆ ತಿಂಗಳು ದೋಟಿ, ಸೊಪ್ಪಿನ ಹೊರೆ ಮುಟ್ಟಬೇಡ. ಕೊಯ್ಲಿಗೆ ಜನರನ್ನು ಮೊದಲೇ ಹೇಳಿಡು. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಗೆ ಹೋಗುವ ದಿನ ಆರರಿಂದ ಎಂಟು ತಾಸು ಏನೂ ತಿನ್ನಬೇಡ. ಹಾಲು ಹಾಕಿದ ಕಷಾಯವೂ ಬೇಡ, ಕುಡಿದರೆ ಪಿತ್ತಕೋಶ ಕುಗ್ಗಿ ಒಳಗಿನ ಕಲ್ಲು ಸರಿಯಾಗಿ ಕಾಣುವುದಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡು, ಕ್ಯಾಲೆಂಡರಿನ ಹಾಳೆ ಹರಿದು ಜೇಬಿಗೆ ಹಾಕಿಕೋ.