ಎಇಎಸ್ ಡಿಕ್ರಿಪ್ಟ್ ಮಾಡುವಾಗ ಎರರ್ ಬರುತ್ತಿದೆ, ಪ್ಯಾಡಿಂಗ್ ತೆಗೆದುಬಿಡಲೇ?

ದಯವಿಟ್ಟು ಪ್ಯಾಡಿಂಗ್ (ಉದ್ದ ಸರಿದೂಗಿಸಲು ಕೊನೆಗೆ ಸೇರಿಸುವ ಬೈಟ್‌ಗಳು) ಮುಟ್ಟಬೇಡಿ. ಎಇಎಸ್ ಅಂದರೆ ಡೇಟಾವನ್ನು ಕೀ ಹಾಕಿ ಗುಟ್ಟಾಗಿಸುವ, ಅಂದರೆ ಎನ್‌ಕ್ರಿಪ್ಟ್ ಮಾಡುವ ವಿಧಾನ. ಅದನ್ನು ಅದೇ ಕೀಯಿಂದ ಬಿಡಿಸುವುದೇ ಡಿಕ್ರಿಪ್ಟ್. ಕನ್ನಡ ಅಕ್ಷರಗಳಿಂದ ಹೀಗಾಗುತ್ತಿದೆಯಾ ಅಂತಲೂ ಕೇಳಿದ್ದೀರಿ. ಅವುಗಳ ತಪ್ಪು ಏನೂ ಇಲ್ಲ. ಡೇಟಾಬೇಸ್‌ನಿಂದ ತೆಗೆದು ಡಿಕ್ರಿಪ್ಟ್ ಮಾಡಿದರೆ ‘ಇನ್‌ಪುಟ್ ಉದ್ದ 16ರ ಗುಣಕವಾಗಿರಬೇಕು’ ಅಂತ ಜಾವಾ ಬೈಯುತ್ತಿದೆ ಅಲ್ವಾ? ಅದೇ ಎರರ್ ಮುಂದೆ ನಾನೂ ಒಂದು ಇಡೀ ರಾತ್ರಿ ಕೂತಿದ್ದೆ.

ಆಗ ಒಂದು ಸಣ್ಣ ಕಂಪನಿಯಲ್ಲಿದ್ದೆ. ಗ್ರಾಹಕರ ವಿಳಾಸ, ಬ್ಯಾಂಕ್ ಖಾತೆ ನಂಬರ್ ಎಲ್ಲ ಟೇಬಲ್‌ನಲ್ಲಿ ಬಯಲಾಗಿ ಬಿದ್ದಿದ್ದವು. ಅವನ್ನು ಎನ್‌ಕ್ರಿಪ್ಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎಇಎಸ್ ಹಾಕಿದೆ. ಸೈಫರ್ (ಎನ್‌ಕ್ರಿಪ್ಟ್ ಮಾಡುವ ಕೋಡ್) ಕೊಟ್ಟ ಬೈಟ್‌ಗಳನ್ನು ನೇರವಾಗಿ, ಬೈಟ್‌ಗಳನ್ನು ಪಠ್ಯ ಅಂತ ಓದುವ ‘ನ್ಯೂ ಸ್ಟ್ರಿಂಗ್’ಗೆ ಕೊಟ್ಟು, ಬಂದದ್ದನ್ನು ಕಾಲಂಗೆ ತುಂಬಿದೆ. ಆ ಒಂದು ಸಾಲೇ ಮುಳುವಾಯಿತು.

ಏನಾಗುತ್ತದೆ ನೋಡಿ. ‘ಕನ್ನಡ’ ಅನ್ನುವ ಪದದಲ್ಲಿ ಯೂನಿಕೋಡ್ ಲೆಕ್ಕಕ್ಕೆ ಐದು ಗುರುತು: ಕ, ನ, ಹಲಂತ, ನ, ಡ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಎಇಎಸ್ ಡೇಟಾವನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತದೆ. ಒಂದು ತುಂಡು, ಅಂದರೆ ಬ್ಲಾಕ್, 16 ಬೈಟಿನದು. ಕೊರತೆಯ ಒಂದು ಬೈಟನ್ನು ಪ್ಯಾಡಿಂಗ್ ತುಂಬುತ್ತದೆ. ಸೈಫರ್‌ನಿಂದ 16 ಬೈಟ್ ಹೊರಬರುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ.

ಈ 16 ಬೈಟ್ ಈಗ ಅಕ್ಷರಗಳಲ್ಲ, 0ರಿಂದ 255ರವರೆಗಿನ ಯಾವ ಸಂಖ್ಯೆ ಬೇಕಾದರೂ ಇರಬಹುದು. ಅದನ್ನು ಯುಟಿಎಫ್-8 ಅಂತ ಓದಿಸಿದರೆ, ಅರ್ಥವಾಗದ ಬೈಟ್ ಸಿಕ್ಕಾಗಲೆಲ್ಲ ಜಾವಾ ಅದನ್ನು ಎಸೆದು ಆ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕೂರಿಸುತ್ತದೆ. ಎರರ್ ಕೊಡುವುದಿಲ್ಲ, ಸುಮ್ನೆ ಮಾಡಿಬಿಡುತ್ತದೆ. ಆ ವಜ್ರಕ್ಕೆ 3 ಬೈಟ್. ಏಳು ಬೈಟ್ ಹಾಳಾದವು ಅಂದುಕೊಳ್ಳಿ: ಉಳಿದ 9, ಜೊತೆಗೆ 21, ಒಟ್ಟು 30. 30 ಅನ್ನುವುದು 16ರ ಗುಣಕವಲ್ಲ. ನಿಮ್ಮ ಎರರ್ ಹೇಳುತ್ತಿರುವುದು ಇದನ್ನೇ. ಕೀ ಸರಿಯಾಗಿದ್ದರೂ ಆ ಏಳು ಬೈಟ್ ಯಾವುವಾಗಿದ್ದವು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಟೆಸ್ಟ್‌ನಲ್ಲಿ ಯಾಕೆ ಸಿಗಲಿಲ್ಲ ಅಂದರೆ, ಒಂದೇ ಫಂಕ್ಷನ್ ಒಳಗೆ ಎನ್‌ಕ್ರಿಪ್ಟ್ ಮಾಡಿ ಅದೇ ಬೈಟ್‌ಗಳನ್ನು ಅಲ್ಲೇ ಡಿಕ್ರಿಪ್ಟ್ ಮಾಡಿ ನೋಡಿದ್ದೆ. ಡೇಟಾಬೇಸ್‌ಗೆ ಹೋಗಿ ವಾಪಸ್ ಬಂದದ್ದನ್ನು ಒಮ್ಮೆಯೂ ನೋಡಲಿಲ್ಲ. ನಂಬಿಕೆಯಿಂದ ಹಳೆಯ ಕಾಲಂ ಅಳಿಸಿದೆ. ತಿಂಗಳ ಕೊನೆಗೆ ಬಿಲ್ ತೆಗೆಯುವಾಗ ಗೊತ್ತಾಯಿತು. ಹಳೆಯವರ ವಿವರ ಬ್ಯಾಕಪ್‌ನಲ್ಲಿತ್ತು. ಆಮೇಲೆ ಸೇರಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ‘ಖಾತೆ ನಂಬರ್ ಇನ್ನೊಮ್ಮೆ ಹೇಳ್ತೀರಾ’ ಅಂತ ಕೇಳಿದೆ. ಒಬ್ಬ ಹಿರಿಯರು ನನ್ನನ್ನು ಮೋಸಗಾರ ಅಂದುಕೊಂಡು ಫೋನ್ ಇಟ್ಟುಬಿಟ್ಟರು. ಅವರು ಮಾಡಿದ್ದೇ ಸರಿ.

ಹಾಗಾಗಿ ಸೈಫರ್ ಬೈಟ್‌ಗಳನ್ನು ಬೇಸ್64 (ಯಾವ ಬೈಟನ್ನೂ ಸಾದಾ ಅಕ್ಷರ, ಅಂಕಿ, ಚಿಹ್ನೆಗಳಲ್ಲಿ ಬರೆಯುವ ವಿಧಾನ) ಮಾಡಿ ಇಡಿ, ಇಲ್ಲ ಕಾಲಮನ್ನೇ ಬೈನರಿ ಮಾಡಿ. ಲ್ಯಾಟಿನ್-1 (ಪ್ರತಿ ಬೈಟನ್ನೂ ಒಂದು ಅಕ್ಷರ ಅಂತ ಓದುವ ಪದ್ಧತಿ) ಹಾಕಿದರೆ ನಡೆಯುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾಳೆ ಇನ್ಯಾರೋ ಆ ಸಾಲನ್ನು ಯುಟಿಎಫ್-8ಗೆ ‘ಸರಿಪಡಿಸುತ್ತಾರೆ’.

ಇನ್ನೊಂದು ಮಾತು. ಜಾವಾದಲ್ಲಿ ಬರೀ ‘ಎಇಎಸ್’ ಅಂತ ಬರೆದರೆ ಸಿಗುವುದು ಇಸಿಬಿ, ಅಂದರೆ ಒಂದೇ ಬ್ಲಾಕಿಗೆ ಪ್ರತಿ ಸಲವೂ ಒಂದೇ ಉತ್ತರ ಕೊಡುವ ವಿಧಾನ. ಒಂದೇ ವಿಳಾಸ ಇಬ್ಬರದ್ದಾದರೆ ಎರಡೂ ಸಾಲು ಒಂದೇ ಥರ ಕಾಣುತ್ತವೆ. ಅದರ ಬದಲು ಪ್ಯಾಡಿಂಗ್ ಬೇಡದ ಜಿಸಿಎಂ ವಿಧಾನ ಬಳಸಿ. ಪ್ರತಿ ಸಲ ಹೊಸ 12 ಬೈಟಿನ ಐವಿ (ಒಂದೇ ಡೇಟಾ ಪ್ರತಿ ಸಲ ಬೇರೆಯಾಗಿ ಕಾಣುವಂತೆ ಮಾಡುವ ಆರಂಭಿಕ ಬೈಟ್‌ಗಳು) ಹುಟ್ಟಿಸಿ ಸೈಫರ್ ಬೈಟ್‌ಗಳ ಮುಂದೆ ಅಂಟಿಸಿ, ಅದು ಗುಟ್ಟಲ್ಲ. ಒಂದೇ ಕೀ ಜೊತೆ ಅದೇ ಐವಿ ಮತ್ತೆ ಬರಲೇಬಾರದು. 12 ಬೈಟ್ ಐವಿ, 15 ಬೈಟ್ ‘ಕನ್ನಡ’, 16 ಬೈಟ್ ಟ್ಯಾಗ್ (ಡೇಟಾ ಬದಲಾಗಿಲ್ಲ ಅಂತ ಪರೀಕ್ಷಿಸುವ ಗುರುತು), ಒಟ್ಟು 43. ಬೇಸ್64ನಲ್ಲಿ ಅದು 60 ಅಕ್ಷರ. ಕಾಲಂ ಅಗಲ ಆ ಲೆಕ್ಕದಲ್ಲಿ ಇಡಿ.

ನೀವು ಎನ್‌ಕ್ರಿಪ್ಟ್ ಮಾಡುತ್ತಿರುವುದು ಲಾಗಿನ್ ಪಾಸ್‌ವರ್ಡ್ ಆಗಿದ್ದರೆ ಇದೆಲ್ಲ ಬೇಡವೇ ಬೇಡ. ವಾಪಸ್ ತೆಗೆಯುವ ದಾರಿಯೇ ಇರಬಾರದು, ಆರ್ಗಾನ್2 ಅಥವಾ ಬಿಕ್ರಿಪ್ಟ್ ಹಾಕಿ.

ಈಗಲೇ ಒಂದು ಕೆಲಸ ಮಾಡಿ. ಕಾಲಮನ್ನು ಹೆಕ್ಸ್‌ನಲ್ಲಿ (ಬೈಟ್‌ಗಳನ್ನು 16ರ ಆಧಾರದ ಅಂಕಿಗಳಾಗಿ) ತೆಗೆದು ನೋಡಿ. ‘ಇಎಫ್ ಬಿಎಫ್ ಬಿಡಿ’, ಅಂದರೆ ಆ ಕಪ್ಪು ವಜ್ರದ 3 ಬೈಟ್, ಮತ್ತೆ ಮತ್ತೆ ಕಂಡರೆ ಪ್ರೋಗ್ರಾಂ ನಿಲ್ಲಿಸಿ, ಹಳೆಯ ಕಾಲಂ ಅಳಿಸಬೇಡಿ, ಬ್ಯಾಕಪ್ ಎಲ್ಲಿದೆ ಅಂತ ಹುಡುಕಿ.