ಸೀಲ್ ಒಡೆಯದ ಹಳೇ ಡ್ರಿಲ್

ಪ್ರಶ್ನೆ: ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ 2018ರ 18 ವೋಲ್ಟ್ ಕಾರ್ಡ್‌ಲೆಸ್ ಡ್ರಿಲ್ ಅರ್ಧ ಬೆಲೆಗೆ ಸಿಗುತ್ತಿದೆ. ಸೀಲ್ ಕೂಡ ಒಡೆದಿಲ್ಲ. ತಗೊಳ್ಳಲಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಡ್ರಿಲ್‌ಗೆ ಏನೂ ಆಗಿರುವುದಿಲ್ಲ, ಭಯ ಇರುವುದು ಬ್ಯಾಟರಿಯದ್ದು. ಒಳಗಿನ ಲಿಥಿಯಂ ಸೆಲ್‌ಗಳ ಚಾರ್ಜ್ ಸುಮ್ನೆ ಇಟ್ಟರೂ ಇಳಿಯುತ್ತದೆ. ತೀರಾ ಇಳಿದರೆ ಚಾರ್ಜರ್ ಒಪ್ಪುವುದೇ ಇಲ್ಲ. ನಾನೂ ಹೀಗೊಂದು ತಂದಿದ್ದೆ. ರಾತ್ರಿಯಿಡೀ ಕೆಂಪು ದೀಪ ಮಿಣುಕುತ್ತಲೇ ಇತ್ತು! ಉಳಿಸಿದ ದುಡ್ಡೆಲ್ಲ ಹೊಸ ಬ್ಯಾಟರಿಗೆ ಹೋಯಿತು, ಮನೆಯವಳ ನಗು ಬೇರೆ.

ಅಂಗಡಿಯಲ್ಲೇ ಸೀಲ್ ಒಡೆಸಿ, ಅರ್ಧ ಗಂಟೆ ಚಾರ್ಜಿಗೆ ಹಾಕಿಸಿ. ಆ ಮಾದರಿಯ ಬ್ಯಾಟರಿ ಈಗಲೂ ಸಿಗುತ್ತದಾ, ಅದನ್ನೂ ಕೇಳಿ. ವಯರ್ ಇರುವ ಡ್ರಿಲ್ ಆಗಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಜಾಸ್ತಿ ಅಂದರೆ ಗೇರಿನ ಗ್ರೀಸ್ ಗಟ್ಟಿಯಾಗಿರುತ್ತದೆ, ಅಷ್ಟೇ ಅಲ್ವಾ? ಕೊಂಡರೆ ಬಿಲ್ ಮೇಲೆ ಕೊಂಡ ದಿನದ ತಾರೀಖು ಬರೆಸಿಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುತ್ತದೆ.