ತುಲಾ ರಾಶಿಗೆ ಚೇಳಿನ ಇಕ್ಕಳ ಎಲ್ಲಿಂದ ಬಂತು?

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ತುಲಾ ರಾಶಿಯ ಒಂದು ನಕ್ಷತ್ರಕ್ಕೆ ‘ಜುಬೆನೆಲ್‌ಜೆನುಬಿ’ ಎಂಬ ಹೆಸರಿದೆ. ಅದರ ಅರ್ಥ ‘ದಕ್ಷಿಣದ ಇಕ್ಕಳ’ವಂತೆ. ತಕ್ಕಡಿಗೆಲ್ಲಿಯ ಇಕ್ಕಳ? ಅದು ಜೋಡಿ ನಕ್ಷತ್ರ ಎನ್ನುವುದು ನಿಜವೇ?

ಉತ್ತರ: ಇಕ್ಕಳ ಪಕ್ಕದ ವೃಶ್ಚಿಕದ್ದು. ಹಳೆಯ ಗ್ರೀಕರ ಆಕಾಶದಲ್ಲಿ ಚೇಳು ಈಗಿನದಕ್ಕಿಂತ ದೊಡ್ಡದು. ನಾವು ತುಲಾ ಎನ್ನುವ ಭಾಗವೆಲ್ಲ ಅದರ ಮುಂದೆ ಚಾಚಿದ ಎರಡು ಇಕ್ಕಳಗಳಾಗಿತ್ತು. 2ನೇ ಶತಮಾನದ ಖಗೋಳಜ್ಞ ಟಾಲೆಮಿಯೂ ಅದನ್ನು ಇಕ್ಕಳಗಳೆಂದೇ ಕರೆದ. ಅವನ ಗ್ರಂಥ 9ನೇ ಶತಮಾನದಲ್ಲಿ ಅರಬ್ಬಿಗೆ ಬಂತು, 12ನೇ ಶತಮಾನದಲ್ಲಿ ಸ್ಪೇನ್‌ನ ಟೊಲೆಡೊದಲ್ಲಿ ಅರಬ್ಬಿಯಿಂದ ಲ್ಯಾಟಿನ್ನಿಗೆ ಹೋಯಿತು. ‘ಅಲ್-ಜುಬಾನಾ ಅಲ್-ಜನೂಬಿ’ ಯುರೋಪಿನವರ ಬಾಯಲ್ಲಿ ನುಜ್ಜುಗುಜ್ಜಾಗಿ ಇಂದಿನ ರೂಪಕ್ಕೆ ಬಂದಿದೆ. ದಕ್ಷಿಣಕ್ಕೆ ಜುನೂಬ್, ಉತ್ತರಕ್ಕೆ ಶುಮಾಲ್ ಎನ್ನುವುದು ಉರ್ದು ಬಲ್ಲವರಿಗೆ ಗೊತ್ತು. ಇದರ ಜೊತೆಗಾರನಾದ ಉತ್ತರದ ಇಕ್ಕಳ ‘ಜುಬೆನೆಶಮಾಲಿ’.

ಆದರೆ ತಕ್ಕಡಿ ಆಮೇಲೆ ಬಂದದ್ದೆಂದು ತಿಳಿಯಬೇಡಿ. ಗ್ರೀಕರಿಗಿಂತ ಬಹಳ ಮೊದಲೇ ಬ್ಯಾಬಿಲೋನಿಯದವರು ಈ ಜಾಗದಲ್ಲಿ ತಕ್ಕಡಿಯನ್ನು ಕಂಡಿದ್ದರು, ಅದನ್ನು ‘ಜಿಬಾನೀತು’ ಎನ್ನುತ್ತಿದ್ದರು. ಅರಬ್ಬಿಯ ‘ಜುಬಾನಾ’ಕ್ಕೂ ಆ ಪದಕ್ಕೂ ನಂಟಿದೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಅದು ಸರಿಯಾದರೆ, ಇಕ್ಕಳದ ಹೆಸರೊಳಗೆ ತಕ್ಕಡಿಯೇ ಅಡಗಿ ಕೂತಿದೆ!

ನಮ್ಮ ಪಂಚಾಂಗಕ್ಕೂ ಇದು ಹೊರಗಿನದಲ್ಲ. ಅರಬ್ಬರು ಚಂದ್ರನ ದಾರಿಯನ್ನು 28 ಮಜಲುಗಳಾಗಿ ಹಂಚಿದ್ದರು, ಜುಬಾನಾ 16ನೆಯದು. ನಮ್ಮ 27 ನಕ್ಷತ್ರಗಳಲ್ಲಿ ಈ ತಾರೆಗಳಿರುವ ವಿಶಾಖವೂ 16ನೆಯದೇ.

ಇನ್ನು ಜೋಡಿಯ ಮಾತು. ನಿಜ, ಆದರೆ ಎರಡಕ್ಕೇ ನಿಲ್ಲುವುದಿಲ್ಲ. ಸುಮಾರು 77 ಜ್ಯೋತಿರ್ವರ್ಷ ದೂರದಲ್ಲಿ 2.75 ಕಾಂತಿಮಾನದ (ಈ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು) ಬಿಳಿಯ ತಾರೆಯೊಂದು, ಪಕ್ಕದಲ್ಲೇ 5.15ರ ಮಂಕಾದ ಇನ್ನೊಂದು. ಇವು ಆಕಾಶದಲ್ಲಿ ಒಟ್ಟಿಗೇ ಸರಿಯುತ್ತವೆ. ಇವುಗಳ ನಡುವಿನ ಅಂತರ ಭೂಮಿ-ಸೂರ್ಯರ ಅಂತರದ 5,000 ಪಟ್ಟಿಗೂ ಹೆಚ್ಚು. ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ, ಎರಡೂ ಸ್ವತಃ ಜೋಡಿಗಳೇ. ಪ್ರಕಾಶಮಾನವಾದದ್ದರ ಸಂಗಾತಿ ಸುಮಾರು 70 ದಿನಕ್ಕೊಮ್ಮೆ ಸುತ್ತು ಮುಗಿಸುತ್ತದೆ. ಆ್ಯಪ್‌ನಲ್ಲಿ ಮಂಕಾದದ್ದಕ್ಕೆ ‘ಆಲ್ಫಾ 1’, ಪ್ರಕಾಶಮಾನವಾದದ್ದಕ್ಕೆ ‘ಆಲ್ಫಾ 2’ ಎಂದಿರುತ್ತದೆ. ಅದು ತಪ್ಪಲ್ಲ: ಪಶ್ಚಿಮದಲ್ಲಿರುವುದಕ್ಕೆ ಮೊದಲ ಸಂಖ್ಯೆ.

ನೋಡಬೇಕೆಂದರೆ ದೂರದರ್ಶಕ ಬೇಡ, ಸಾಧಾರಣ ಬೈನಾಕ್ಯುಲರ್ ಸಾಕು. ಚಿತ್ತಾ ಮತ್ತು ಜ್ಯೇಷ್ಠಾ ತಾರೆಗಳ ನಡುವೆ, ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ, ತುಸು ಉತ್ತರಕ್ಕೆ ಹುಡುಕಿ. ಮೇ ತಿಂಗಳ ರಾತ್ರಿಗಳು ಒಳ್ಳೆಯವು. ಜೂನ್ ಬಂದರೆ ಮೋಡದ ಕಾಟ. ವಿಶಾಖ ಮಳೆಯ ನವೆಂಬರಿನಲ್ಲಂತೂ ಸೂರ್ಯನೇ ಆ ನಕ್ಷತ್ರದ ಮಗ್ಗುಲಲ್ಲಿರುವುದರಿಂದ ಹುಡುಕಿ ಫಲವಿಲ್ಲ.